ಸಿ.ಡಿ. ನರಸಿಂಹಯ್ಯ: ಆಸ್ಟ್ರೇಲಿಯಾದ ಪುಸ್ತಕಗಳಿಗೆ ಬಾಗಿಲು ತೆರೆದ ಮೇಷ್ಟ್ರು

ಮಂಗಳೂರಿನ ಹಳೆ ಬಂದರಿನಿಂದ ಒಂದು ಕಾಲದಲ್ಲಿ ಹೆಂಚು ತುಂಬಿದ ಹಡಗುಗಳು ಹೊರಡುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ ನೇತ್ರಾವತಿಯ ದಂಡೆಯಲ್ಲಿ ಆರಂಭಿಸಿದ ಕಾರ್ಖಾನೆಯ ಕೆಂಪು ಹೆಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳಿಗೆ ಮಾತ್ರವಲ್ಲ, ದೂರದ ಆಸ್ಟ್ರೇಲಿಯಾಕ್ಕೂ ಹೋಯಿತು. ಮಂಗಳೂರಿನ ಮಣ್ಣು ಅಲ್ಲಿನ ಮನೆಗಳಿಗೆ ಸೂರಾಯಿತು. ಆದರೆ ಆ ಮನೆಗಳಲ್ಲಿ ಬದುಕಿದವರ ಕಥೆಗಳು ನಮ್ಮ ತರಗತಿಗಳಿಗೆ ತಲುಪಲು ಸುಮಾರು ನೂರು ವರ್ಷ ಬೇಕಾಯಿತು. ಎರಡೂ ದೇಶಗಳು ಒಂದೇ ಹಿಂದೂ ಮಹಾಸಾಗರದ ಎರಡು ದಡಗಳಲ್ಲಿದ್ದರೂ ಇಂಗ್ಲಿಷ್ ಸಾಹಿತ್ಯವೆಂದರೆ ಇಂಗ್ಲೆಂಡಿನ ಸಾಹಿತ್ಯ ಎಂಬ ನಂಬಿಕೆ ನಡುವೆ ಗೋಡೆಯಾಗಿ ನಿಂತಿತ್ತು.

ಆ ಗೋಡೆಯಲ್ಲಿ ಬಾಗಿಲು ತೆರೆದವರು ಮೈಸೂರಿನ ಇಂಗ್ಲಿಷ್ ಪ್ರಾಧ್ಯಾಪಕ ಸಿ.ಡಿ. ನರಸಿಂಹಯ್ಯ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವ ತನಕ ಕರಾವಳಿಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೇ ಇದ್ದವು. ಹೀಗಾಗಿ ಮೈಸೂರಿನಲ್ಲಿ ನಡೆದ ಈ ಪ್ರಯತ್ನ ಇಲ್ಲಿಯ ಓದುಗರಿಗೂ ಸಂಬಂಧಿಸಿದ್ದು.

ಕ್ಲೋಸ್‌ಪೇಟೆಯಿಂದ ಕೇಂಬ್ರಿಜ್‌ಗೆ

ನರಸಿಂಹಯ್ಯ ಹುಟ್ಟಿದ್ದು 1921ರಲ್ಲಿ, ಇಂದಿನ ರಾಮನಗರವಾಗಿರುವ ಅಂದಿನ ಕ್ಲೋಸ್‌ಪೇಟೆಯಲ್ಲಿ. ಸಾಧಾರಣ ಕುಟುಂಬದ ಹುಡುಗ ಓದಿನ ಬಲದಿಂದಲೇ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನವರೆಗೆ ಹೋದರು. ಆಗ ಕೇಂಬ್ರಿಜ್‌ನಲ್ಲಿ ಎಫ್.ಆರ್. ಲೀವಿಸ್ ಅವರ ಕಾಲ. ಕೃತಿಯನ್ನು ಸಾಲು ಸಾಲಾಗಿ ಗಮನವಿಟ್ಟು ಓದಬೇಕು, ಅದರಲ್ಲಿ ಬದುಕಿನ ಬಗ್ಗೆ ಎಷ್ಟು ಗಂಭೀರ ಕಾಳಜಿ ಇದೆ ಎಂಬುದನ್ನು ನೋಡಬೇಕು ಎಂಬುದು ಲೀವಿಸ್ ಅವರ ಪಾಠ. ಈ ಪಾಠ ನರಸಿಂಹಯ್ಯನವರಿಗೆ ಜೀವನಪೂರ್ತಿ ಜೊತೆಯಾಯಿತು.

ಸ್ವದೇಶಕ್ಕೆ ಮರಳಿದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು, ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಯು.ಆರ್. ಅನಂತಮೂರ್ತಿ ಅವರ ಶಿಷ್ಯರಲ್ಲೊಬ್ಬರು. ವಿದ್ಯಾರ್ಥಿಗಳ ಬಾಯಲ್ಲಿ, ಗೆಳೆಯರ ಬಾಯಲ್ಲಿ ಅವರು ಸಿಡಿಎನ್ ಎಂದೇ ಪರಿಚಿತರು. 1952ರಲ್ಲಿ ಅವರು 'ದಿ ಲಿಟರರಿ ಕ್ರೈಟೀರಿಯನ್' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅವರು ಮಾಡಿದ ಕೆಲಸಕ್ಕೆಲ್ಲ ಈ ಪತ್ರಿಕೆಯೇ ಅಂಗಳವಾಯಿತು.

ಕೇಂಬ್ರಿಜ್‌ನಲ್ಲಿ ಕಲಿತು ಬಂದವರು ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್‌ಗಳನ್ನು ಕಲಿಸುತ್ತ ನೆಮ್ಮದಿಯಾಗಿ ನಿವೃತ್ತರಾಗಬಹುದಿತ್ತು. ಸಿಡಿಎನ್ ಹಾಗೆ ಮಾಡಲಿಲ್ಲ. ಸ್ವತಂತ್ರ ದೇಶದ ಓದುಗ ಇಂಗ್ಲೆಂಡಿನ ಕಣ್ಣಿನಿಂದಲೇ ಜಗತ್ತನ್ನು ನೋಡಬೇಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ರಾಜಾರಾವ್, ಆರ್.ಕೆ. ನಾರಾಯಣ್, ಮುಲ್ಕ್ ರಾಜ್ ಆನಂದ್ ಅವರ ಕೃತಿಗಳನ್ನು ಗಂಭೀರ ಅಧ್ಯಯನಕ್ಕೆ ಯೋಗ್ಯವೆಂದು ವಾದಿಸಿ ಅವರು ಬರೆದರು. 1969ರಲ್ಲಿ ಬಂದ 'ದಿ ಸ್ವಾನ್ ಅಂಡ್ ದಿ ಈಗಲ್' ಈ ವಾದದ ಫಲ. ಕಾದಂಬರಿಯಷ್ಟೇ ಸಾಹಿತ್ಯ ಎಂದೂ ಅವರು ಒಪ್ಪಿರಲಿಲ್ಲ. 1960ರಲ್ಲಿಯೇ ಜವಾಹರಲಾಲ್ ನೆಹರು ಅವರ ಬರಹ ಮತ್ತು ಭಾಷಣಗಳನ್ನು ಸಾಹಿತ್ಯವೆಂದು ಪರಿಗಣಿಸಿ ಒಂದು ಇಡೀ ಪುಸ್ತಕ ರಚಿಸಿದರು.

ಮೈಸೂರಿನಿಂದ ಬ್ರಿಸ್ಬೇನ್‌ಗೆ

ತಮ್ಮಂತೆಯೇ ಇಂಗ್ಲೆಂಡಿನ ನೆರಳಿನಿಂದ ಹೊರಬರಲು ಯತ್ನಿಸುತ್ತಿದ್ದ ಇನ್ನೊಂದು ದೇಶದ ಬರಹಗಾರರತ್ತ ಸಿಡಿಎನ್ ಗಮನ ಹರಿದದ್ದು ಸಹಜವೇ. 1964ರಲ್ಲಿ 'ಲಿಟರರಿ ಕ್ರೈಟೀರಿಯನ್' ಆಸ್ಟ್ರೇಲಿಯಾದ ಸಾಹಿತ್ಯಕ್ಕೇ ಮೀಸಲಾದ ವಿಶೇಷ ಸಂಚಿಕೆಯನ್ನು ಪ್ರಕಟಿಸಿತು. ಮರುವರ್ಷ, ಅಂದರೆ 1965ರಲ್ಲಿ, ಅದೇ ಸಾಮಗ್ರಿ 'ಆಸ್ಟ್ರೇಲಿಯನ್ ಸಾಹಿತ್ಯಕ್ಕೆ ಪ್ರವೇಶಿಕೆ' ಎಂಬ ಅರ್ಥದ ಶೀರ್ಷಿಕೆಯಲ್ಲಿ ಅವರ ಸಂಪಾದಕತ್ವದಲ್ಲಿಯೇ ಪುಸ್ತಕವಾಯಿತು. ಪ್ರಕಟಿಸಿದ್ದು ಬ್ರಿಸ್ಬೇನ್‌ನ ಜಕರಾಂಡಾ ಪ್ರೆಸ್. ಆಸ್ಟ್ರೇಲಿಯಾದ ಮೂಲನಿವಾಸಿ ಕವಯಿತ್ರಿ ಊಡ್ಜರೂ ನೂನುಕಲ್ ಅವರ ಮೊದಲ ಕವನ ಸಂಕಲನವನ್ನು 1964ರಲ್ಲಿ ಹೊರತಂದ ಸಂಸ್ಥೆಯೂ ಇದೇ.

ಆ ಕಾಲವನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಆಸ್ಟ್ರೇಲಿಯನ್ ಸಾಹಿತ್ಯಕ್ಕೆ ಪ್ರತ್ಯೇಕ ಪೀಠ ಆರಂಭವಾದದ್ದು 1962ರಲ್ಲಿ. ಅಂದರೆ ತಮ್ಮ ಸಾಹಿತ್ಯವನ್ನು ತಾವೇ ಪಾಠ ಮಾಡಲು ಆಸ್ಟ್ರೇಲಿಯನ್ನರು ಆಗಷ್ಟೇ ಮುಂದಾಗಿದ್ದರು. ಎರಡೇ ವರ್ಷಗಳಲ್ಲಿ ಮೈಸೂರು ಆ ಓದಿಗೆ ಜೊತೆಗೂಡಿತು. ಪ್ಯಾಟ್ರಿಕ್ ವೈಟ್‌ಗೆ ನೊಬೆಲ್ ಪ್ರಶಸ್ತಿ ಬಂದದ್ದು 1973ರಲ್ಲಿ, ಸಿಡಿಎನ್ ಪುಸ್ತಕ ಹೊರಬಂದು ಎಂಟು ವರ್ಷಗಳ ನಂತರ. ಪ್ರಶಸ್ತಿಯ ಸದ್ದು ಕೇಳಿ ಓಡಿ ಬಂದ ಓದುಗ ಅವರಲ್ಲ.

ಮುಂದೆ ಅವರು ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಿಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋಗಿಬಂದರು. ಕೆನಡಾ, ಆಫ್ರಿಕಾ, ವೆಸ್ಟ್ ಇಂಡೀಸ್‌ಗಳ ಸಾಹಿತ್ಯವೂ ಅವರ ಓದಿನ ವಲಯಕ್ಕೆ ಸೇರಿತು. ಆ ಕಾಲದ ಮೈಸೂರಿನಲ್ಲಿ ಈ ದಾರಿ ಹಿಡಿದವರು ಅವರೊಬ್ಬರೇ ಅಲ್ಲ. 'ದಿ ಲಿಟರರಿ ಹಾಫ್-ಇಯರ್ಲಿ' ಪತ್ರಿಕೆ ನಡೆಸಿದ ಎಚ್.ಎಚ್. ಅಣ್ಣಯ್ಯಗೌಡರ ಹೆಸರನ್ನೂ ಇಲ್ಲಿ ಸ್ಮರಿಸಬೇಕು.

ನಮ್ಮದೇ ಮಣ್ಣಿನ ಕಥೆಗಳು

ಅಷ್ಟಕ್ಕೂ ಕನ್ನಡದ ಓದುಗನಿಗೆ ಈ ಪುಸ್ತಕಗಳಲ್ಲಿ ಸಿಗುವುದಾದರೂ ಏನು?

ಹೆನ್ರಿ ಲಾಸನ್ 1892ರಲ್ಲಿ ಪ್ರಕಟಿಸಿದ 'ದಿ ಡ್ರೋವರ್ಸ್ ವೈಫ್' ಕಥೆಯನ್ನೇ ನೋಡಬಹುದು. ದನ-ಕುರಿಗಳ ಮಂದೆ ಹೊಡೆದುಕೊಂಡು ಗಂಡ ತಿಂಗಳುಗಟ್ಟಲೆ ದೂರ ಹೋಗಿದ್ದಾನೆ. ಕಾಡಿನ ನಡುವಿನ ಒಂಟಿ ಮನೆಯ ನೆಲದಡಿಗೆ ಹಾವು ನುಗ್ಗಿದೆ. ಮಕ್ಕಳನ್ನು ಮಲಗಿಸಿ, ನಾಯಿಯನ್ನು ಪಕ್ಕದಲ್ಲಿರಿಸಿಕೊಂಡು ತಾಯಿ ರಾತ್ರಿಯಿಡೀ ಕಾಯುತ್ತಾಳೆ. ಮಲೆನಾಡಿನ ಒಂಟಿ ಮನೆಗಳನ್ನು ಕಂಡವರಿಗೆ ಈ ಕಥೆ ಪರದೇಶದ್ದು ಎನಿಸದು.

ಪ್ಯಾಟ್ರಿಕ್ ವೈಟ್ 1955ರಲ್ಲಿ ಬರೆದ 'ದಿ ಟ್ರೀ ಆಫ್ ಮ್ಯಾನ್' ಕಾದಂಬರಿಯಲ್ಲಿ ಸ್ಟ್ಯಾನ್ ಪಾರ್ಕರ್ ಎಂಬಾತ ಕಾಡು ಕಡಿದು ಮನೆ ಕಟ್ಟಿ, ಪ್ರವಾಹ, ಕಾಡ್ಗಿಚ್ಚುಗಳ ನಡುವೆ ಹೆಂಡತಿಯೊಡನೆ ಬಾಳುತ್ತಾನೆ. ಮಕ್ಕಳು ಮಣ್ಣಿನಿಂದ ದೂರವಾಗುತ್ತಾರೆ. 1941ರ 'ಮರಳಿ ಮಣ್ಣಿಗೆ'ಯಲ್ಲಿ ಶಿವರಾಮ ಕಾರಂತರು ಕಡಲ ಕರೆಯ ಮೂರು ತಲೆಮಾರುಗಳ ಮೂಲಕ ಹೇಳಿದ್ದು ಇದಕ್ಕೆ ಹತ್ತಿರದ ಕಥೆಯನ್ನೇ. ಒಬ್ಬರನ್ನು ಓದಿದವರು ಇನ್ನೊಬ್ಬರನ್ನು ಓದುವಾಗ ಎರಡೂ ಪುಸ್ತಕಗಳು ಬೆಳೆಯುತ್ತವೆ.

ಕಾದಂಬರಿಯಾಚೆಗೂ ಈ ಸಂಪತ್ತು ಹರಡಿದೆ. ಅನಾಥ ಬಾಲ್ಯ, ಯುದ್ಧ, ಕೂಲಿ ಕಂಡ ಆಲ್ಬರ್ಟ್ ಫೇಸಿ ತಮ್ಮ ಬಾಳನ್ನು ಬರೆದ 'ಎ ಫಾರ್ಚುನೇಟ್ ಲೈಫ್' 1981ರಲ್ಲಿ ಬಂತು. ಮುಚ್ಚಿಟ್ಟಿದ್ದ ಮೂಲನಿವಾಸಿ ವಂಶದ ಬೇರನ್ನು ಹುಡುಕುವ ಸ್ಯಾಲಿ ಮಾರ್ಗನ್ ಅವರ 'ಮೈ ಪ್ಲೇಸ್' 1987ರದು. ಹುಟ್ಟನ್ನು ಮರೆಮಾಚಿ ಬದುಕಬೇಕಾದ ನೋವು ನಮ್ಮ ಸಮಾಜಕ್ಕೂ ಅಪರಿಚಿತವಲ್ಲ.

ರಸವೇ ಅಳತೆಗೋಲು

1979ರಲ್ಲಿ ಸಿಡಿಎನ್ ಮೈಸೂರಿನಲ್ಲಿ 'ಧ್ವನ್ಯಾಲೋಕ'ವನ್ನು ಸ್ಥಾಪಿಸಿದರು. ಹೆಸರು ಒಂಬತ್ತನೆಯ ಶತಮಾನದ ಆನಂದವರ್ಧನನ ಗ್ರಂಥದ್ದು. ಆಸ್ಟ್ರೇಲಿಯಾದ ಕಾದಂಬರಿಯ ಚರ್ಚೆಗೂ ನೆಲೆಯಾಗಬೇಕಿದ್ದ ಸಂಸ್ಥೆಗೆ ಕಾಶ್ಮೀರದ ಆಲಂಕಾರಿಕನ ಕೃತಿಯ ಹೆಸರಿಟ್ಟದ್ದರಲ್ಲಿ ಅವರ ನಿಲುವೇ ಅಡಗಿದೆ. ಜಗತ್ತಿನ ಯಾವ ಮೂಲೆಯ ಪುಸ್ತಕವನ್ನಾದರೂ ಓದಬೇಕು, ಆದರೆ ಅಳೆಯುವ ಗೋಲು ಎರವಲಿನದಾಗಬಾರದು. ಓದಿನ ಕೊನೆಗೆ ಸಹೃದಯನಿಗೆ ಸಿಗಬೇಕಾದದ್ದು ರಸ, ಅಂದರೆ ಆನಂದ. ಪಶ್ಚಿಮದಿಂದ ಬಂದ ಹೊಸ ಸಿದ್ಧಾಂತಗಳನ್ನು ಅವರು ಅನುಮಾನದಿಂದಲೇ ಕಂಡರು. ಇದಕ್ಕಾಗಿ ಟೀಕೆಯನ್ನೂ ಎದುರಿಸಿದರು.

1990ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ಇಷ್ಟೆಲ್ಲ ಆದ ಮೇಲೂ ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಎನ್ ಫಾರ್ ನೋಬಡಿ'. ತಾನು ಯಾರೂ ಅಲ್ಲ ಎಂದು ಸಾರುವ ಆ ಪುಸ್ತಕ ಒಬ್ಬ ಇಂಗ್ಲಿಷ್ ಮೇಷ್ಟ್ರ ಜೀವನಕಥೆ. 2005ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಸಿಡಿಎನ್ ಬರೆದದ್ದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಅವರ ಮಾತು ತಲುಪಿದ್ದು ಹೆಚ್ಚಾಗಿ ಸ್ನಾತಕೋತ್ತರ ತರಗತಿಗಳಿಗೆ. ಅವರು ತೆರೆದ ಬಾಗಿಲಿನೊಳಗೆ ಪರೀಕ್ಷೆಗೆ ಓದುವವರು ಹೋದಷ್ಟು ಸಂತೋಷಕ್ಕೆ ಓದುವವರು ಹೋಗಲಿಲ್ಲ. ಪಠ್ಯಪಟ್ಟಿ ಬದಲಾದೊಡನೆ ಮರೆತುಹೋಗುವ ಓದು ಅವರ ಆಶಯವಾಗಿರಲಿಲ್ಲ.

ಹಳೆ ಬಂದರಿನಲ್ಲಿ ಈಗ ಆಸ್ಟ್ರೇಲಿಯಾಕ್ಕೆ ಹೆಂಚು ತುಂಬುವ ಹಡಗುಗಳಿಲ್ಲ. ಅಲ್ಲಿ ಸರಕು ತುಂಬುವುದು ಲಕ್ಷದ್ವೀಪದ ಕಡೆಗೆ. ದೊಡ್ಡ ಹಡಗುಗಳೆಲ್ಲ ಪಣಂಬೂರಿಗೆ ಹೋಗಿ ಅರ್ಧ ಶತಮಾನ ಕಳೆದಿದೆ. ಪುಸ್ತಕಕ್ಕೆ ಈಗ ಹಡಗಿನ ಹಂಗೂ ಇಲ್ಲ, ಲಾಸನ್‌ನ ಕಥೆ ಅಂಗೈಯ ಫೋನಿನಲ್ಲಿಯೇ ಉಚಿತವಾಗಿ ಸಿಗುತ್ತದೆ. ಓದಿ ಮುಗಿಸಲು ಅರ್ಧ ಗಂಟೆ ಸಾಕು.