ನಿಷೇಧ ಗೆದ್ದ ವಿದುಷಿ ಬೆಂಗಳೂರು ನಾಗರತ್ನಮ್ಮ

ನಮ್ಮ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ದಕ್ಷಿಣ ಭಾರತದಲ್ಲೆಲ್ಲ ಮನೆಮಾತಾದವರು ಬೆಂಗಳೂರು ನಾಗರತ್ನಮ್ಮ. ಸಂಗೀತ ಬಲ್ಲವರಿಗೆ ಅವರು ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಮಹಾತಾಯಿ. ಆದರೆ ದೇಹದ ಒಲವನ್ನೂ ದೇವರ ಒಲವನ್ನೂ ಒಟ್ಟಿಗೆ ಹಾಡಿದ ಒಂದು ಕಾವ್ಯವನ್ನು ಉಳಿಸಲು ಅವರು ಪಟ್ಟ ಪಾಡು ನಮ್ಮಲ್ಲಿ ಅನೇಕರಿಗೆ ತಿಳಿಯದು.

ನಾಗರತ್ನಮ್ಮ 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಮ್ಮ. ಆಸರೆಯಾಗಬೇಕಾಗಿದ್ದವರು ಕೈಬಿಟ್ಟಾಗ ತಾಯಿ ಮಗಳನ್ನು ಕಟ್ಟಿಕೊಂಡು ಮೈಸೂರು ಸೇರಿದರು. ಅಲ್ಲಿ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರಲ್ಲಿ ಬಾಲಕಿಗೆ ಸಂಸ್ಕೃತ ಪಾಠವಾಯಿತು. ಮುಂದೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಿಂದ ಸಂಗೀತ ಕಲಿತರು. ಇನ್ನೂ ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡರೂ ಎದೆಗುಂದಲಿಲ್ಲ. ಕಛೇರಿಗಳಿಂದ ಹೆಸರು ಗಳಿಸಿ, ಬಳಿಕ ಮದರಾಸಿನಲ್ಲಿ ನೆಲೆಸಿದರು.

ಓದಿನ ಹುಚ್ಚಿದ್ದ ಅವರಿಗೆ ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' ಸಿಕ್ಕಿತು. ಮುದ್ದುಪಳನಿ 18ನೆಯ ಶತಮಾನದಲ್ಲಿ ತಂಜಾವೂರಿನ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದವಳು. ಕೃಷ್ಣನಿಗೆ ಇಳಾದೇವಿಯನ್ನು ಮದುವೆ ಮಾಡಿಕೊಟ್ಟ ರಾಧೆ ಆಮೇಲೆ ವಿರಹದಲ್ಲಿ ಬೇಯುವುದು, ಕೃಷ್ಣ ಬಂದು ಅವಳನ್ನು ಸಂತೈಸುವುದು ಇದರ ಕಥೆ. ಇಲ್ಲಿ ರಾಧೆ ತನ್ನ ಬಯಕೆಯನ್ನು ನಾಚದೆ ಹೇಳುತ್ತಾಳೆ. ಆಗ ಇದ್ದ ಮುದ್ರಣದಲ್ಲಿ ಕೆಲವು ಪದ್ಯಗಳನ್ನು ಕೈಬಿಡಲಾಗಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಕಾವ್ಯವನ್ನು ಪೂರ್ತಿಯಾಗಿ ಪರಿಷ್ಕರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದ ಮೂಲಕ ಹೊರತಂದರು.

ಸಮಾಜ ಸುಧಾರಕರೆಂದು ಖ್ಯಾತರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರೇ ಈ ಕಾವ್ಯವನ್ನು ಕಟುವಾಗಿ ಟೀಕಿಸಿದ್ದರು. ಹೆಣ್ಣಿನ ಬಾಯಲ್ಲಿ ಇಂಥ ಮಾತು ಬರಬಾರದೆಂಬುದು ಅವರ ನಿಲುವು. ನಾಗರತ್ನಮ್ಮ ಅಂಜದೆ ಉತ್ತರ ಕೊಟ್ಟರು. ನಾಚಿಕೆ ಹೆಂಗಸರಿಗೆ ಮಾತ್ರ ಇರಬೇಕೆ, ಇಷ್ಟೇ ಬಿಚ್ಚುಮಾತಿನ ಗಂಡು ಕವಿಗಳು ಪೂಜ್ಯರಾದರೆ ಇವಳೇಕೆ ಅಲ್ಲ ಎಂದು ಕೇಳಿದರು. ಆದರೆ 1911ರಲ್ಲಿ ಸರ್ಕಾರ ಗ್ರಂಥವನ್ನು ಅಶ್ಲೀಲವೆಂದು ಸಾರಿ ಪ್ರತಿಗಳನ್ನು ವಶಪಡಿಸಿಕೊಂಡಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯ ಬಂದ 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ.

ದೈವಪ್ರೇಮವನ್ನು ಗಂಡುಹೆಣ್ಣಿನ ಪ್ರೇಮದ ಮಾತಿನಲ್ಲಿ ಹೇಳುವುದು ಹೊಸದೇನಲ್ಲ. ನಮ್ಮ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದೇ ಕರೆದಳು. ಇಂಗ್ಲೆಂಡಿನ ಕವಿ ಜಾನ್ ಡನ್ ಪ್ರಣಯಗೀತೆಗಳನ್ನೂ ಭಕ್ತಿಗೀತೆಗಳನ್ನೂ ಬರೆದು, 1621ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಮುಖ್ಯ ಪಾದ್ರಿಯಾದ. ಅವನ ಪ್ರಣಯಗೀತೆಗಳನ್ನು ಇಂದು ಕಾಲೇಜುಗಳಲ್ಲಿ ಪಾಠ ಹೇಳುತ್ತಾರೆ. ಮುದ್ದುಪಳನಿಯ ಕಾವ್ಯ ಮಾತ್ರ 36 ವರ್ಷ ನಿಷೇಧದಲ್ಲಿತ್ತು.

ಇದೇ ನಾಗರತ್ನಮ್ಮ ತ್ಯಾಗರಾಜರ ಪರಮ ಭಕ್ತೆ. ತಿರುವಯ್ಯಾರಿನಲ್ಲಿ ಅವರ ಸಮಾಧಿ ಪಾಳುಬಿದ್ದಿದೆಯೆಂದು ಬಿಡಾರಂ ಕೃಷ್ಣಪ್ಪನವರಿಂದ ತಿಳಿದು, ತಮ್ಮ ದುಡಿಮೆಯ ಹಣ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. 1926ರ ಜನವರಿಯಲ್ಲಿ ಅದರ ಕುಂಭಾಭಿಷೇಕವಾಯಿತು. ಗುಡಿ ಕಟ್ಟಿಸಿದರೂ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿರಲಿಲ್ಲ. ಆಗ ಅವರು ಹೆಂಗಸರನ್ನು ಸೇರಿಸಿ ಬೇರೆಯೇ ಆರಾಧನೆ ನಡೆಸಿದರು. 1940ರ ಸುಮಾರಿಗೆ ಪಂಗಡಗಳು ಒಂದಾಗಿ ಹೆಂಗಸರ ದನಿಗೂ ಜಾಗ ಸಿಕ್ಕಿತು. 1952ರಲ್ಲಿ ತೀರಿಕೊಂಡ ಅವರಿಗೆ ತ್ಯಾಗರಾಜರ ಸನ್ನಿಧಿಯ ಬಳಿಯೇ ಸಮಾಧಿಯಾಯಿತು.

ರಾಧೆಯ ಬಯಕೆಯನ್ನು ಅಚ್ಚು ಹಾಕಿಸಿದ ಕೈಯೇ ರಾಮಭಕ್ತನ ಗುಡಿಯನ್ನೂ ಕಟ್ಟಿಸಿತು. ಒಂದು ಕೀಳು, ಇನ್ನೊಂದು ಮೇಲು ಎಂದು ಅವರು ಎಣಿಸಲಿಲ್ಲ.

ಹಲಸೂರು, ಶಿವಾಜಿನಗರ, ಕೃಷ್ಣರಾಜಪುರದ ನಮ್ಮ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಒಟ್ಟಿಗೆ ಕಿವಿಗೆ ಬೀಳುತ್ತವೆ. ಕನ್ನಡನಾಡಿನಲ್ಲಿ ಹುಟ್ಟಿ, ತೆಲುಗು ಕಾವ್ಯವನ್ನು ಕಾಪಾಡಿ, ತಮಿಳುನಾಡಿನಲ್ಲಿ ಗುಡಿ ಕಟ್ಟಿಸಿದ ಈ ತಾಯಿ ಇಲ್ಲಿಯ ಮಕ್ಕಳಿಗೆ ಹೊರಗಿನವರಲ್ಲ. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಹೆಣ್ಣುಮಕ್ಕಳು ಮುಖ್ಯವಾಗಿ ಅವರ ಬಾಳನ್ನು ಓದಲಿ, ತಮಗೆ ಸರಿ ಕಂಡದ್ದನ್ನು ಓದಿ ತಿಳಿದು ಗಟ್ಟಿಯಾಗಿ ಹೇಳುವುದನ್ನು ಕಲಿಯಲಿ.