ಗಂಡಸಿಗೆ ಒಂದು ಪಕ್ಕೆಲುಬು ಕಡಿಮೆಯೇ? ಎಣಿಸಿ ನೋಡಿದ ವೆಸೇಲಿಯಸ್

ಗಂಡಸರಿಗೆ ಹೆಂಗಸರಿಗಿಂತ ಒಂದು ಪಕ್ಕೆಲುಬು ಕಡಿಮೆ ಎಂಬ ಮಾತನ್ನು ನೀವೂ ಕೇಳಿರಬಹುದು. ಆದಮನ ಪಕ್ಕೆಲುಬಿನಿಂದ ಹವ್ವಳನ್ನು ಸೃಷ್ಟಿಸಿದ ಬೈಬಲ್ ಕಥೆಯಿಂದ ಬೆಳೆದ ನಂಬಿಕೆ ಇದು. ನಿಜವೇನೆಂದರೆ, ಸಾಮಾನ್ಯವಾಗಿ ಇಬ್ಬರಿಗೂ ಇರುವುದು 12 ಜೊತೆ, ಅಂದರೆ 24 ಪಕ್ಕೆಲುಬು. ಇದನ್ನು 1543ರಲ್ಲೇ ಅಚ್ಚು ಹಾಕಿಸಿ ಹೇಳಿದವನು ಆಂಡ್ರಿಯಾಸ್ ವೆಸೇಲಿಯಸ್.

ಹುಟ್ಟಿದ್ದು 1514ರಲ್ಲಿ, ಬ್ರಸೆಲ್ಸ್‌ನಲ್ಲಿ. ವೈದ್ಯರ ಮನೆತನ. ಪ್ಯಾರಿಸ್‌ನಲ್ಲಿ ಓದುತ್ತಿದ್ದಾಗ ಯುದ್ಧ ಶುರುವಾಗಿ ಊರ ಕಡೆ ಹೊರಟ. 1536ರಲ್ಲಿ ಲೂವೆನ್ ಪಟ್ಟಣದ ಹೊರಗೆ, ಮರಣದಂಡನೆಯಾದವನೊಬ್ಬನ ದೇಹ ನೇತಾಡುತ್ತಿತ್ತು. ಹಕ್ಕಿಗಳು ಮಾಂಸವನ್ನೆಲ್ಲ ತಿಂದು ಎಲುಬಷ್ಟೇ ಉಳಿದಿತ್ತು. ವೆಸೇಲಿಯಸ್ ಗೆಳೆಯನ ಸಹಾಯದಿಂದ ಕಂಬ ಹತ್ತಿ ಕೈಕಾಲಿನ ಎಲುಬುಗಳನ್ನು ಕಿತ್ತು ಕದ್ದು ಸಾಗಿಸಿದ. ಎದೆಗೂಡು ಮಾತ್ರ ಸರಪಳಿಯಲ್ಲಿ ಬಿಗಿಯಾಗಿತ್ತು. ಅದಕ್ಕಾಗಿ ಒಂದು ಸಂಜೆ ಊರ ಬಾಗಿಲು ಮುಚ್ಚುವವರೆಗೂ ಬೇಕೆಂದೇ ಹೊರಗುಳಿದು, ಕತ್ತಲಲ್ಲಿ ಒಬ್ಬನೇ ಮತ್ತೆ ಹತ್ತಿದ. ಸಿಕ್ಕಿಬಿದ್ದಿದ್ದರೆ ಗತಿ ಏನಾಗುತ್ತಿತ್ತೋ! ಜೋಡಿಸಿದ ಅಸ್ಥಿಪಂಜರವನ್ನು ಪ್ಯಾರಿಸ್‌ನಿಂದ ತಂದದ್ದು ಎಂದು ಎಲ್ಲರನ್ನೂ ನಂಬಿಸಿದ.

ಮರುವರ್ಷ ಇಟಲಿಯ ಪಡುವಾದಲ್ಲಿ ಪದವಿ, ಅದರ ಬೆನ್ನಿಗೇ ಅಲ್ಲೇ ಪಾಠ ಹೇಳುವ ಕೆಲಸ. ಆಗ ಇನ್ನೂ 23 ತುಂಬಿರಲಿಲ್ಲ. ಅಲ್ಲಿಯವರೆಗೆ ಗುರು ಎತ್ತರದ ಕುರ್ಚಿಯಲ್ಲಿ ಕೂತು ಪುಸ್ತಕ ಓದುವುದು, ಕೆಳಗೆ ಕ್ಷೌರಿಕ ಹೆಣ ಕೊಯ್ಯುವುದು ರೂಢಿ. ವೆಸೇಲಿಯಸ್ ಕತ್ತಿಯನ್ನು ತಾನೇ ಹಿಡಿದ.

ಆ ಪುಸ್ತಕ ಗ್ಯಾಲೆನ್‌ನದು. 1300 ವರ್ಷಕ್ಕೂ ಹೆಚ್ಚು ಕಾಲ ಅವನ ಮಾತೇ ಕಡೆಯ ಮಾತಾಗಿತ್ತು. ಎದೆಯ ನಡುವಿನ ಮೂಳೆಯಲ್ಲಿ 7 ಭಾಗ ಎಂದಿದ್ದ ಗ್ಯಾಲೆನ್. ವೆಸೇಲಿಯಸ್ ನೋಡಿದಾಗ ಕಂಡದ್ದು 3: ಮೇಲೆ ಹಿಡಿಕೆಯಂಥದ್ದು, ನಡುವೆ ಅಲಗಿನಂಥದ್ದು, ಕೆಳಗೆ ಚೂಪಾದ ಪುಟ್ಟ ತುದಿ. (ಹೊಟ್ಟೆಯ ಮೇಲ್ಭಾಗದಲ್ಲಿ ಈ ತುದಿ ಕೈಗೆ ಗಟ್ಟಿಯಾಗಿ ಸಿಕ್ಕಿ, ಗಡ್ಡೆಯೇನೋ ಎಂದು ಗಾಬರಿಯಾಗುವವರು ಇಂದಿಗೂ ಇದ್ದಾರೆ. ಹೊಸದಾಗಿ ಬಂದ ಅಥವಾ ಬೆಳೆಯುತ್ತಿರುವ ಗಂಟಾದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.)

ಹಾಗಾದರೆ 7 ಎಲ್ಲಿಂದ ಬಂತು? ಕೋತಿಗಳಿಂದ. ಗ್ಯಾಲೆನ್ ಕೊಯ್ದು ನೋಡಿದ್ದು ಹೆಚ್ಚಾಗಿ ಕೋತಿ, ಹಂದಿಗಳನ್ನು. ಕೋತಿಯ ಎದೆಮೂಳೆಯಲ್ಲಿ ತುಂಡುಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಮನುಷ್ಯರ ಮಕ್ಕಳಲ್ಲೂ ನಡುಭಾಗ ಹಲವು ತುಂಡಾಗಿದ್ದು, ಬೆಳೆದಂತೆ ಬೆಸೆದುಕೊಳ್ಳುತ್ತದೆ.

ಇದನ್ನೆಲ್ಲ ಚಿತ್ರಗಳ ಸಮೇತ ಬರೆದ ದೊಡ್ಡ ಪುಸ್ತಕ 1543ರಲ್ಲಿ ಬಾಸೆಲ್‌ನಲ್ಲಿ ಹೊರಬಂತು. ಪಕ್ಕೆಲುಬಿನ ನಂಬಿಕೆಯನ್ನೂ ಅದರಲ್ಲೇ ತಳ್ಳಿಹಾಕಿದ್ದ. ಹೆಚ್ಚು ಸಿಟ್ಟಾದದ್ದು ಪ್ಯಾರಿಸ್‌ನ ಗುರು ಸಿಲ್ವಿಯಸ್. ಗ್ಯಾಲೆನ್ ತಪ್ಪುವುದುಂಟೇ, ಹಿಂದಿನವರು ಗಟ್ಟಿ ಆಳುಗಳು, ಅವರ ಎದೆಯಲ್ಲಿ ಮೂಳೆ ಹೆಚ್ಚಿದ್ದವು, ಈಗಿನವರು ಕ್ಷೀಣಿಸಿದ್ದಾರೆ ಎಂಬುದು ಅವನ ವಾದ! ಶಿಷ್ಯನನ್ನು ಹುಚ್ಚ ಎಂದು ಜರೆದು 1551ರಲ್ಲಿ ಪುಸ್ತಕವನ್ನೇ ಬರೆದ.

ಅಷ್ಟರಲ್ಲಿ ವೆಸೇಲಿಯಸ್ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಆಸ್ಥಾನ ವೈದ್ಯನಾಗಿದ್ದ. 1564ರಲ್ಲಿ ಜೆರುಸಲೇಮ್ ಯಾತ್ರೆಯಿಂದ ಮರಳುವಾಗ ಗ್ರೀಸ್ ಬಳಿಯ ಜಾಕಿಂಥೋಸ್ ದ್ವೀಪದಲ್ಲಿ ತೀರಿಕೊಂಡ. ಜೀವವಿದ್ದ ಮನುಷ್ಯನನ್ನೇ ಕೊಯ್ದಿದ್ದ, ಆ ಪಾಪಕ್ಕೆ ಶಿಕ್ಷೆಯಾಗಿ ಯಾತ್ರೆಗೆ ಕಳಿಸಿದರು ಎಂಬ ಸುದ್ದಿ ಆಮೇಲೆ ಹಬ್ಬಿತು. ಇತಿಹಾಸಕಾರರು ಅದನ್ನು ನಂಬುವುದಿಲ್ಲ. ಆದರೂ ಆ ಕಥೆ ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ.