ಡಾ. ಅಲೋಯಿಸ್ ಆಲ್ಝೈಮರ್ (1864–1915)

ಮರೆವಿನ ಕಾಯಿಲೆಯೆಂದೇ ಜನರು ಅರಿತಿರುವ ಆಲ್ಝೈಮರ್ ರೋಗವನ್ನು ಪ್ರಥಮವಾಗಿ ವಿವರಿಸಿದ ಡಾ. ಅಲೋಯಿಸ್ ಆಲ್ಝೈಮರ್ ಅವರು 1864ರ ಜೂನ್ 14ರಂದು ಜರ್ಮನಿಯ ಮಾರ್ಕ್ಟ್‌ಬ್ರೈಟ್ ಪಟ್ಟಣದಲ್ಲಿ ಜನಿಸಿದರು. ವೈದ್ಯ ಪದವಿ ಪಡೆದು 1888ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಸೇರಿದರು.

1901ರ ನವೆಂಬರ್‌ನಲ್ಲಿ ಔಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿ ಸದರಿ ಆಸ್ಪತ್ರೆಗೆ ದಾಖಲಾದರು. ಆಕೆಯಲ್ಲಿ ಮೊದಮೊದಲು ಎದ್ದು ಕಂಡದ್ದು ಮರೆವಲ್ಲ, ಪತಿಯ ಮೇಲಿನ ತೀವ್ರ ಸಂಶಯ. ಅನಂತರ ವಸ್ತುಗಳನ್ನು ಅಡಗಿಸಿಡುವುದು, ತನ್ನನ್ನು ಕೊಲ್ಲುವರೆಂಬ ಭಯ, ಕಿರುಚಾಟ ತಲೆದೋರಿದವು. ಮನೆಮಂದಿ ಸ್ವಭಾವದೋಷವೆಂದು ನೊಂದುಕೊಳ್ಳುವ ಇಂತಹ ವರ್ತನೆಗಳನ್ನು ಆಲ್ಝೈಮರ್ ಅವರು ರೋಗಲಕ್ಷಣಗಳೆಂದೇ ಪರಿಗಣಿಸಿ, ಆಕೆಯೆದುರು ಕುಳಿತು ಪ್ರಶ್ನೋತ್ತರಗಳ ಸಮೇತ ಬರೆದಿಟ್ಟರು.

1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮ್ಯೂನಿಕ್‌ನಲ್ಲಿದ್ದ ಅವರು ಮೆದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳೂ ಹೊರಗೆ ಶೇಖರಗೊಂಡ ವಿಚಿತ್ರ ವಸ್ತುವೂ ಕಂಡುಬಂದವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದಾಗ ಯಾರೂ ಆಸಕ್ತಿ ತೋರದಿದ್ದುದು ಖೇದಕರ. 1910ರಲ್ಲಿ ಎಮಿಲ್ ಕ್ರೆಪೆಲಿನ್ ಅವರು ತಮ್ಮ ಪಠ್ಯಗ್ರಂಥದಲ್ಲಿ ರೋಗಕ್ಕೆ ಆಲ್ಝೈಮರ್ ಹೆಸರನ್ನಿಟ್ಟರು.

1915ರ ಡಿಸೆಂಬರ್ 19ರಂದು ಬ್ರೆಸ್ಲೌ ನಗರದಲ್ಲಿ, 51ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಕಾಣೆಯಾಗಿದ್ದ ಔಗುಸ್ಟೆಯವರ ಕಡತವು 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿಯೇ ದೊರೆಯಿತು.